ಕ್ಯಾಲೆಂಡರಿನಲ್ಲಿ ನನ್ನ ಕೈ

ಕಿರುಬೆರಳು, ನನ್ನದೇ ಅದು, ಸುರುಳಿ ಬಿಚ್ಚಿಕೊಳ್ಳುತ್ತ ಬಂದಾಗ ಮೊದಲು ಕಂಡದ್ದು ಅದೇ, ಉಳಿದ ಬೆರಳೆಲ್ಲ ಗಾಜಿನ ಜಗ್ಗಿನ ಹಿಡಿಯನ್ನು ಸುತ್ತಿಕೊಂಡಿದ್ದರೆ ಇದೊಂದು ಮಾತ್ರ ಸೊಟ್ಟಗೆ ಹೊರಗೆ ನಿಂತಿದೆ, ಎಂಟು ವರ್ಷದವಳಿದ್ದಾಗ ಬೀಸುವ ಕಲ್ಲಿನಡಿ ಸಿಕ್ಕಿದ ಬೆರಳು, ಹೆಣ್ಣು ನೋಡಲು ಬಂದ ದಿನ ಸೆರಗಿನೊಳಗೆ ಇಟ್ಟುಕೋ ಸತ್ಯವತಿ ಎಂದು ಅಮ್ಮ ಪಿಸುಗುಟ್ಟಿದ್ದಳು, ಇಟ್ಟುಕೊಂಡೆ, ಮದುವೆಯಾಯಿತು, ಇವರು ಒಂದು ತಿಂಗಳಾದ ಮೇಲೆ ನೋಡಿ ನಕ್ಕರು — ಈಗ ಅದು ಮೊಳದುದ್ದದ ಕ್ಯಾಲೆಂಡರಿನಲ್ಲಿದೆ, ಹಿಂದೆಲ್ಲ ಕಪ್ಪು, ಮುಂದೆ ಒಂದು ಕೈ, ಕೈಯಲ್ಲಿ ಬಾಗಿದ ಜಗ್ಗು, ಜಗ್ಗಿನಿಂದ ಲೋಟಕ್ಕೆ ಇಳಿಯುತ್ತಿರುವ ಕಿತ್ತಳೆ ಬಣ್ಣದ ಧಾರೆ, ಲೋಟದ ಅಂಚಿನಿಂದ ಎಗರಿ ಗಾಳಿಯಲ್ಲಿ ನಿಂತುಬಿಟ್ಟ ಒಂದು ಹನಿ, ಕೆಳಗೆ ದೊಡ್ಡ ಅಕ್ಷರದಲ್ಲಿ ಸವಿಧಾರೆ ಆರೆಂಜ್, ಕುಡಿದವರೇ ಬಲ್ಲರು ಇದರ ಸವಿ, ಅದರ ಕೆಳಗೆ ಸಾವಿರದ ಒಂಬೈನೂರ ಎಂಬತ್ತನಾಲ್ಕು, ಜನವರಿ, ರಾಹುಕಾಲ, ಗುಳಿಕಕಾಲ. ಅಂಗಡಿ ಕೃಷ್ಣಪ್ಪ ತಿಂಗಳ ಸಾಮಾನಿನ ಜೊತೆಗೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟಿದ್ದ, ತಗೊಳಿ ಅಮ್ಮಾ, ಈ ಸಲ ದೇವ್ರ ಪಟ ಇಲ್ಲ, ಜ್ಯೂಸ್ ಕಂಪ್ನಿಯೋರು ಕೊಟ್ಟವ್ರೆ, ನೋಡುದ್ರೇನೇ ಬಾಯಾರ್ತದೆ. ತೊಗರಿಬೇಳೆಯನ್ನು ಡಬ್ಬಿಗೆ ಸುರಿದು ಸುರುಳಿ ಬಿಚ್ಚಿದವಳು ಹಾಗೇ ಅಡುಗೆಮನೆಯ ನೆಲದ ಮೇಲೆ ಕೂತಿದ್ದೇನೆ, ಕಾಗದ ಮತ್ತೆ ಸುತ್ತಿಕೊಳ್ಳದಿರಲೆಂದು ಮೂರು ಮೂಲೆಗೆ ಬೇಳೆ ಡಬ್ಬಿ, ಉಪ್ಪಿನ ಭರಣಿ, ಲಟ್ಟಣಿಗೆ, ನಾಲ್ಕನೆಯದಕ್ಕೆ ನನ್ನ ಮಂಡಿ. ಗಂಟೆ ಹನ್ನೊಂದು, ಅಮ್ಮಣ್ಣಿ ಸ್ಕೂಲಿನಿಂದ ಬರಲು ಇನ್ನೂ ಒಂದೂವರೆ ಗಂಟೆ ಇದೆ, ಬಂದವಳೇ ಚೀಲ ಎಸೆದು ಅಮ್ಮಾ ನೀರು ಅನ್ನುತ್ತಾಳೆ, ಮೂಲೆಯಲ್ಲಿ ತಟ್ಟೆ ಮುಚ್ಚಿಟ್ಟ ತಾಮ್ರದ ಕೊಡದಲ್ಲಿ ನಲ್ಲಿಯ ನೀರು ಒಂದು ಹನಿಯೂ ಇಲ್ಲ, ಇದ್ದ ಎರಡು ಲೋಟದಲ್ಲಿ ಒಂದನ್ನು ಅವಳ ಬಾಟಲಿಗೆ ಹಾಕಿದೆ, ಒಂದರಲ್ಲಿ ಇವರಿಗೆ ಕಾಫಿ ಆಯಿತು. ಬಾವಿಯ ನೀರು ಬೇಕಾದಷ್ಟಿದೆ. ಬೇಕಾದಷ್ಟು.

ನಲ್ಲಿ ಇರುವುದು ದೊಡ್ಡ ರಸ್ತೆಯಾಚೆ, ಫ್ಯಾಕ್ಟರಿ ಬಸ್ಸು ನಿಲ್ಲುವಲ್ಲಿ, ದಿನ ಬಿಟ್ಟು ದಿನ ಬೆಳಿಗ್ಗೆ ಐದೂವರೆಗೆ ಬಂದು ಏಳಕ್ಕೆ ನಿಲ್ಲುತ್ತದೆ, ಇವರು ಫಸ್ಟ್ ಶಿಫ್ಟಿಗೆ ಹೊರಟಾಗ ನಾನೂ ಎರಡು ಕೊಡ ಹಿಡಿದು ಹಿಂದೆ ಹೋಗುತ್ತೇನೆ, ಎಂಟು ತಿಂಗಳಿಂದ, ಇವತ್ತು ಕರೆಂಟಿಲ್ಲ, ಪಂಪಿಲ್ಲ, ಬಸ್ಸಿನ ಕಿಟಕಿಯಿಂದ ಇವರು ಕೈಯಲ್ಲೇ ಏನಾಯಿತು ಎಂದರು, ನಾನು ಕೊಡವನ್ನು ಬೋರಲು ಹಿಡಿದು ತೋರಿಸಿದೆ, ಬಸ್ಸು ಹೊರಟಿತು. ಈ ಓಡಾಟವೆಲ್ಲ ಶುರುವಾದದ್ದು ಗಾಜಿನಿಂದ, ಅದೂ ಇವರ ಫ್ಯಾಕ್ಟರಿಗೆ ಇಪ್ಪತ್ತೈದು ತುಂಬಿತೆಂದು ಒಬ್ಬೊಬ್ಬರಿಗೂ ಕೊಟ್ಟ ಆರು ಲೋಟದ ಡಬ್ಬದಿಂದ, ಅದಕ್ಕೆ ಮುಂಚೆ ನಮ್ಮ ಮನೆಯಲ್ಲಿ ಎಲ್ಲಕ್ಕೂ ಸ್ಟೀಲು, ಅತ್ತೆಯ ಕಾಲದ ಹಿತ್ತಾಳೆ, ಸ್ಟೀಲಿನಲ್ಲಿ ನೀರು ಸ್ಟೀಲಿನ ಬಣ್ಣ, ಹಿತ್ತಾಳೆಯಲ್ಲಿ ಹಿತ್ತಾಳೆಯ ಬಣ್ಣ, ಎಷ್ಟು ದಿನ ಕುಡಿದಿದ್ದೆವೋ ದೇವರೇ ಬಲ್ಲ, ನಾಲಿಗೆಗೆ ಸ್ವಲ್ಪ ತುಕ್ಕಿನ ರುಚಿ, ಹೊಸ ಹಗ್ಗ ಇರಬೇಕು ಅಂದುಕೊಂಡೆ, ಹಳೇ ಗಡಗಡೆ ಇರಬೇಕು ಅಂದುಕೊಂಡೆ. ಯುಗಾದಿಗೆ ಲೋಟ ತೊಳೆದು ಬಾವಿಯ ನೀರು ತುಂಬಿ ಕಿಟಕಿಯಲ್ಲಿಟ್ಟರೆ ಬಿಸಿಲು ಅದರೊಳಗೆ ಹಾದು ಗೋಡೆಯ ಮೇಲೆ ಹಳದಿ ಬಿತ್ತು, ಲೋಟದ್ದೇ ಬಣ್ಣವೆಂದು ಆರನ್ನೂ ಇಟ್ಟು ನೋಡಿದೆ, ಆರೂ ಹಳದಿ, ಅಮ್ಮಣ್ಣಿ ಕುಣಿದಳು, ಅಮ್ಮಾ ಚೆಂದ ಅಲ್ವಾ, ಅವಳ ಬಾಯಿಯ ಮೂಲೆಯಲ್ಲಿ ಆಗಲೇ ಹುಣ್ಣು, ಬೆರಳ ಸಂದಿನಲ್ಲಿ ಬಿರುಕು, ಡಾಕ್ಟರು ಕೊಟ್ಟ ಬಿಳೀ ಮುಲಾಮು ಹಚ್ಚಿ ಹಚ್ಚಿ ಅವಳ ಲಂಗವೆಲ್ಲ ಎಣ್ಣೆ. ಮಾರಕ್ಕನನ್ನು ಕರೆದು ತೋರಿಸಿದೆ. ಮಾರಕ್ಕ ಈ ಊರು ಊರಾಗಿದ್ದ ಕಾಲದವಳು, ರಾಜಗೋಪಾಲನಗರ ಎಂಬ ಹೆಸರು ಬರುವ ಮೊದಲೇ ಇಲ್ಲಿ ಅವಳ ಮಾವನ ರಾಗಿ ಹೊಲ, ಬಾವಿಯೂ ಅವನೇ ತೋಡಿಸಿದ್ದು, ಸೈಟು ಮಾಡಿ ಮಾರಿದರೂ ಬಾವಿಯನ್ನು ಎಲ್ಲರಿಗೂ ಬಿಟ್ಟವರು. ಅವಳು ಲೋಟವನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು, ಆಮೇಲೆ, ಅದ್ಕೇಯಾ ನಮ್ ಎಮ್ಮೆ ಮೂಸಿ ಮೂಸಿ ಮಕ ತಿರುಗುಸ್ತಿತ್ತು, ನಾನು ಅದ್ಕೆ ಕೊಬ್ಬು ಅಂತ ಬಾರಿಸ್ಬಿಟ್ಟೆ ಕಣವ್ವಾ, ಅಂದಳು. ಬಾವಿಯ ಹಿಂದಿನ ಗೋಡೆಯಾಚೆ ಕಬ್ಬಿಣಕ್ಕೆ ಹೊಳಪು ಹಾಕುವ ಕಾರ್ಖಾನೆ, ಸೈಕಲ್ ಹ್ಯಾಂಡಲ್ಲು, ನಲ್ಲಿ, ಬಾಗಿಲ ಹಿಡಿ, ಎಲ್ಲ ಅಲ್ಲಿ ಅದ್ದಿ ತೆಗೆದರೆ ಕನ್ನಡಿ, ಅದ್ದಿದ ನೀರನ್ನು ಹಿತ್ತಲ ಹೊಂಡಕ್ಕೆ ಬಿಡುತ್ತಾರೆ, ಹೊಂಡ ತುಂಬುವುದೇ ಇಲ್ಲ, ಎಲ್ಲಿಗೆ ಹೋಗುತ್ತದೆಂದು ನಮ್ಮಲ್ಲಿ ಯಾರೂ ಕೇಳಿರಲಿಲ್ಲ.

ಅರ್ಜಿ ಬರೆದವಳು ನಾನು, ಎಸ್ಸೆಸ್ಸೆಲ್ಸಿ ಓದಿದವಳು ಬೀದಿಗೆ ನಾನೊಬ್ಬಳೇ, ಗೌರವಾನ್ವಿತರಲ್ಲಿ ಬೇಡಿಕೊಳ್ಳುವುದೇನೆಂದರೆ, ನಮ್ಮ ಬಾವಿಯ ನೀರನ್ನು ಪರೀಕ್ಷಿಸಿ ನಮ್ಮ ಬೀದಿಗೆ ಕುಡಿಯುವ ನೀರಿನ ನಲ್ಲಿ ಕೊಡಿಸಬೇಕಾಗಿ, ನಲವತ್ತು ಮನೆ, ಸಹಿ ಹನ್ನೆರಡು, ಉಳಿದದ್ದು ಹೆಬ್ಬೆಟ್ಟು, ಮಾರಕ್ಕ ಮನೆ ಮನೆಗೂ ಇಂಕಿನ ಡಬ್ಬಿ ಹಿಡಿದು ನನ್ನ ಜೊತೆ ಬಂದಳು, ಒತ್ರೇ, ಈವಮ್ಮ ಓದ್ದೋಳು, ಸುಮ್ಕೆ ಬರದಿಲ್ಲ. ನೀರು ಸರಬರಾಜಿನ ಆಫೀಸಿಗೆ ಬಾಟಲಿಯಲ್ಲಿ ಬಾವಿಯ ನೀರೂ ತೆಗೆದುಕೊಂಡು ಹೋದೆವು, ಸಾಹೇಬರು, ಹನುಮಂತರಾಯಪ್ಪ ಎಂದು ಮೇಜಿನ ಮೇಲೆ ಹಲಗೆ, ಕೆಟ್ಟವರಲ್ಲ, ಕೂತ್ಕೊಳ್ಳಿ ಅಂದರು, ಆದರೆ ಬಾಟಲಿ ಮುಟ್ಟಲಿಲ್ಲ, ನೀವು ತಂದ ಬಾಟ್ಲೀಲಿ ನೀವೇನ್ ಬೇಕಾದ್ರೂ ಕಲಸಿರಬಹುದು, ತಪ್ಪು ತಿಳ್ಕೋಬೇಡಿ, ರೂಲ್ಸು ಹಾಗಿದೆ, ನಮ್ಮೋನೇ ಬಂದು ತುಂಬಿದ್ರೆ ಮಾತ್ರ ಅದು ಸ್ಯಾಂಪಲ್ಲು, ಅವನನ್ನ ಕಳಿಸ್ಬೇಕಂದ್ರೆ ದೂರಿನಲ್ಲಿ ಹುರುಳಿದೆ ಅಂತ ನಾನು ಬರೀಬೇಕು, ಒಂದ್ ಕೆಲಸ ಮಾಡಿ, ಬಾವಿ ಹತ್ರಾನೇ ನೀರು ಹಾಕೋ ಹಾಗೆ ಒಂದು ಫೋಟೋ ತೆಗೆಸಿ ಅರ್ಜಿಗೆ ಅಂಟಿಸಿ, ಸೋಮವಾರ ತನ್ನಿ. ಫೋಟೋ ಎಂದರೆ ಉಪೇಂದ್ರ. ಎದುರುಮನೆಯ ಹುಡುಗ, ಇವರ ಫ್ಯಾಕ್ಟರಿಯಲ್ಲೇ ಫೋಟೋ ಸೆಕ್ಷನ್ನು, ವಾರವೆಲ್ಲ ಮೆಷಿನ್ನಿನ ಫೋಟೋ, ಭಾನುವಾರ ಮದುವೆಯ ಫೋಟೋ, ಅಕ್ಕಾ ಅಂದರೆ ಪ್ರಾಣ ಬಿಡುತ್ತಾನೆ, ಹೀಗೆ ಅಂದೆ, ಅಷ್ಟೇ ತಾನೆ, ನಾಳೆ ಬೆಳಿಗ್ಗೆ ಎಂಟಕ್ಕೆ ಬಿಸ್ಲು ಅಡ್ಡ ಬಿದ್ದಿರತ್ತೆ, ಆಗ ತೆಗೆಯೋಣ ಅಂದ. ಬಂದ, ಸೆಕ್ಷನ್ನಿನಿಂದ ಗಾಜಿನ ಜಗ್ಗು ತಂದಿದ್ದ, ಚೊಂಬಲ್ಲಿ ಏನೂ ಕಾಣಲ್ಲ ಅಕ್ಕಾ, ಮಾರಕ್ಕನ ಮಗ ಮುನಿಯಣ್ಣನ ಕರಿ ಕಂಬಳಿಯನ್ನು ಬಾವಿಯ ಕಂಬಕ್ಕೆ ಕಟ್ಟಿಸಿದ, ಲೋಟವನ್ನು ಪಂಚೆಯ ಚುಂಗಿನಲ್ಲಿ ಉಸಿರು ಬಿಟ್ಟು ಉಸಿರು ಬಿಟ್ಟು ಒರೆಸಿದ, ಲೋಟದ ಬೆನ್ನಿಗೆ ಒಂದು ಬಿಳೀ ರಟ್ಟಿನ ತುಂಡು ಸಿಕ್ಕಿಸಿದ, ಬೆಳಕು ಒಳಗಿಂದ ಬರಬೇಕು, ಆಗ ನೀರು ಉರಿಯತ್ತೆ ಅಂದ, ನೀರು ಉರಿಯಬೇಕೇನೋ ಉಪ್ಪಿ, ಹಳದಿ ಕಂಡರೆ ಸಾಕಲ್ಲವೇನೋ ಅಂದರೆ, ತೆಗೆಯೋದೇ ಅಂದ್ಮೇಲೆ ಚೆನ್ನಾಗಿ ತೆಗೆಯೋಣ ಬಿಡಿ ಅಂದ. ಹನ್ನೊಂದು ಸಲ ಹುಯ್ದೆ. ಧಾರೆ ದಪ್ಪ ಆಯ್ತು, ಇನ್ನೊಂದ್ಸಲ. ಈಗ ಜಗ್ಗು ನಡುಗ್ತು, ಇನ್ನೊಂದ್ಸಲ. ಮೇಲಿಂದ, ಇನ್ನೂ ಮೇಲಿಂದ, ಹಾಂ, ಕಿರುಬೆರಳು ಮಡಿಸ್ಬೇಡಿ, ಇರ್ಲಿ, ಚೆನ್ನಾಗಿದೆ. ಲೋಟ ತುಂಬಿದರೆ ಮತ್ತೆ ಜಗ್ಗಿಗೆ, ಜಗ್ಗಿನಿಂದ ಲೋಟಕ್ಕೆ, ಅದೇ ನೀರು, ಮಾರಕ್ಕ ಕಟ್ಟೆಯ ಮೇಲೆ ಕೂತು ನಗುತ್ತಿದ್ದಳು, ಧಾರೆ ಎರಿಯೋ ಮುಹೂರ್ತ ಮೀರೋಯ್ತದೆ ಕಣ್ಲಾ, ಬೇಗ ತೆಗಿ. ನನಗೂ ನಗು, ಅಷ್ಟು ಜನ ನನ್ನ ಕೈಯನ್ನು ನೋಡುತ್ತಿದ್ದದ್ದು ಅದೇ ಮೊದಲು. ಹಿತವಾಗಿತ್ತು, ಸುಳ್ಳು ಯಾಕೆ.

ಭಾನುವಾರ ಸಾಯಂಕಾಲ ಫೋಟೋ ತೊಳೆದು ತಂದ, ಕವರಿನಿಂದ ತೆಗೆದು ಕೈಗೆ ಕೊಡುವಾಗ ಅವನ ಮುಖ ನೋಡಿದೆ, ಒಳ್ಳೆಯ ಅಂಕ ಬಂದ ಮಕ್ಕಳ ಮುಖ, ಫೋಟೋ ನೋಡಿದೆ. ಬಿಳಿ. ತಿಳಿ. ಶಿವಗಂಗೆಯ ತೀರ್ಥ ಬೇಕಾದರೆ ಇಷ್ಟು ತಿಳಿಯಾಗಿ ಇರಲಿಕ್ಕಿಲ್ಲ, ಕರಿ ಕಂಬಳಿಯ ಮುಂದೆ ಧಾರೆ ಬೆಳ್ಳಿಯ ಸರಿಗೆ, ಲೋಟದೊಳಗೆ ಬೆಳಕು ತುಂಬಿ ತುಳುಕುತ್ತಿದೆ, ಹಳದಿ ಎಲ್ಲೋ ಉಪ್ಪಿ? ಅಯ್ಯೋ ಅಕ್ಕಾ, ಬ್ಲಾಕ್ ಅಂಡ್ ವೈಟ್ ಅಲ್ವಾ, ಹಳದಿ ಇದ್ರಲ್ಲಿ ಬಿಳೀ ಥರಾನೇ ಬರೋದು, ಅಂದು ತಲೆ ಕೆರೆದುಕೊಂಡ, ಅವನಿಗೂ ಆಗಲೇ ಹೊಳೆದದ್ದು, ದಿನಾ ಕಬ್ಬಿಣದ ಮೆಷಿನ್ನು ತೆಗೆಯುವವನಿಗೆ ಬಣ್ಣದ ಯೋಚನೆ ಎಲ್ಲಿಂದ ಬರಬೇಕು. ಕಲರ್ ಫಿಲ್ಮು ತರಿಸಬೇಕು, ತೆಗೆದ ಮೇಲೆ ಮದರಾಸಿಗೆ ಕಳಿಸಿ ತೊಳೆಸಬೇಕು, ಒಂದು ತಿಂಗಳಾಗುತ್ತದೆ. ಸೋಮವಾರ ನಾಳೆ. ಅವನು ಹೋದ, ಅನ್ನಕ್ಕಿಟ್ಟೆ, ಅಮ್ಮಣ್ಣಿಗೆ ತಲೆ ಬಾಚಿದೆ, ಸಾರಿಗೆ ಅರಿಶಿನ ಹಾಕುವಾಗ ಬೆರಳಿಗೆ ಹತ್ತಿತು, ಬೆರಳನ್ನೇ ನೋಡುತ್ತ ನಿಂತೆ. ಎಂಥ ಪೆದ್ದಿ. ಆದರೆ ಆಗ ಅದು ಪೆದ್ದುತನ ಅನ್ನಿಸಲಿಲ್ಲ, ಮದುವೆಯ ಫೋಟೋಗಳಿಗೆ ಸ್ಟುಡಿಯೋದವರು ಸೀರೆಗೆ ಹಸಿರು ತುಟಿಗೆ ಕೆಂಪು ಹಚ್ಚಿ ಕೊಡುವುದಿಲ್ಲವೇ, ನನ್ನ ಮದುವೆಯ ಪಟದಲ್ಲೇ ಇವರ ಕೆನ್ನೆಗೆ ಹಚ್ಚಿದ್ದಾರೆ, ಅದು ಇವರಲ್ಲ ಎಂದು ಯಾರಾದರೂ ಅಂದಿದ್ದಾರೆಯೇ. ಬಟ್ಟಲಲ್ಲಿ ಚಿಟಿಕೆ ಅರಿಶಿನ ಕದಡಿ, ದೀಪದ ಬತ್ತಿಯ ತುದಿಯಿಂದ ಹಚ್ಚಿದೆ, ಬಾವಿಯ ನೀರು ತುಂಬಿದ ಲೋಟವನ್ನು ಪಕ್ಕದಲ್ಲೇ ಇಟ್ಟುಕೊಂಡು, ಇದನ್ನು ಯಾರಿಗೆ ಹೇಳಲಿ, ಮೊದಲ ಸಲ ಬಣ್ಣ ಗಾಢವಾಯಿತೆಂದು ಒರೆಸಿದೆ, ನೀರು ಬೆರೆಸಿ ಮತ್ತೆ ಹಚ್ಚಿದೆ, ಮತ್ತೆ ಒರೆಸಿದೆ, ಲೋಟದಲ್ಲಿ ಎಷ್ಟು ಹಳದಿಯೋ ಅಷ್ಟೇ ಬರಬೇಕು, ಅದಕ್ಕಿಂತ ಎಳ್ಳಷ್ಟೂ ಹೆಚ್ಚಾದರೆ ಸುಳ್ಳು ಹೇಳಿದ ಹಾಗಾಗುತ್ತದೆ ಎಂದು, ಸಾರು ಸೀದುಹೋಗುವ ತನಕ. ಸರಿಯಾಗಿ ಬಂತು. ಲೋಟವನ್ನೂ ಫೋಟೋವನ್ನೂ ಒಟ್ಟಿಗೆ ದೀಪಕ್ಕೆ ಹಿಡಿದು ನೋಡಿದೆ, ಅವಳಿ ಮಕ್ಕಳ ಹಾಗಿದ್ದವು.

ಸಾಹೇಬರ ಮೇಜಿನ ಮೇಲೆ ಸ್ಟಾಂಪು ಒದ್ದೆ ಮಾಡುವ ಸ್ಪಂಜಿನ ಬಟ್ಟಲಿತ್ತು. ಫೋಟೋವನ್ನು ಕಿಟಕಿಗೆ ಹಿಡಿದರು, ಹಿಂದೆ ಮುಂದೆ ತಿರುಗಿಸಿದರು, ಚೆನ್ನಾಗಿ ತೆಗೆದಿದಾನಲ್ಲಾ ಅಂದರು, ಆಮೇಲೆ ಹೆಬ್ಬೆರಳನ್ನು ಸ್ಪಂಜಿಗೆ ಒತ್ತಿ ಧಾರೆಯ ಮೇಲೆ ಉಜ್ಜಿದರು, ಮೇಲಿಂದ ಕೆಳಕ್ಕೆ, ಒಂದೇ ಸಲ. ಹಳದಿ ಬೆರಳಿಗೆ ಬಂತು. ಧಾರೆ ಬೆಳ್ಳಗೆ ಹೊಳೆಯಿತು. ಬೆರಳನ್ನು ಮೂಗಿನ ಹತ್ತಿರ ಹಿಡಿದು, ಇದೇನಮ್ಮಾ, ಅರಿಶಿನ ಅಲ್ವೇನಮ್ಮಾ? ನಿಮ್ ಬಾವೀಲಿ ಹುಳಿ ಗಿಳಿ ಕುದೀತಾ ಇದ್ಯಾ? ಹಿಂದಿನ ಮೇಜಿನಿಂದ ಯಾರೋ, ಸಾರ್, ಒಂದ್ ಒಗ್ಗರಣೆ ಕೊಡ್ಸಿ ಅಂದರು, ಇಡೀ ಆಫೀಸು ನಕ್ಕಿತು, ಟೈಪು ಮಾಡುತ್ತಿದ್ದ ಹುಡುಗಿ ಕೂಡ ಬಾಯಿಗೆ ಕರವಸ್ತ್ರ ಇಟ್ಟುಕೊಂಡಳು. ನಾನು ಹೇಳಿದೆ, ಸಾರ್, ಬಣ್ಣ ಹಚ್ಚಿದ್ದು ನಿಜ, ಆದರೆ ಇದೇ ಬಣ್ಣ ಸಾರ್, ಸರಿಯಾಗಿ ಇಷ್ಟೇ, ನಾನು ಪಕ್ಕದಲ್ಲಿಟ್ಟುಕೊಂಡು — ಅಲ್ಲಿಗೆ ನನ್ನ ಮಾತು ನನಗೇ ಕೇಳಿಸಿತು. ನಾನು ಏನು ಹೇಳಿದ್ದರೂ ಅದು ಕಳ್ಳಿ ಆಡುವ ಮಾತಿನ ಹಾಗೇ ಇರುತ್ತಿತ್ತು. ಅವರು ನಗಲಿಲ್ಲ, ಅದೇ ಇನ್ನೂ ಕಷ್ಟ, ಬೇಜಾರಿನಿಂದ, ಓದಿದ ಹೆಂಗಸು ನೀವು, ಹೀಗ್ ಮಾಡ್ಬಾರ್ದಿತ್ತು, ನಾನು ಕಳ್ಸೋಣ ಅಂತಾನೇ ಇದ್ದೆ, ಅಂದು ಅರ್ಜಿಯ ನೆತ್ತಿಗೆ ಕೆಂಪು ಇಂಕಿನಲ್ಲಿ ಬರೆದರು, ಸುಳ್ಳು ಸಾಕ್ಷ್ಯ, ದೂರು ಮುಕ್ತಾಯ. ಕಳಿಸೋಣ ಅಂತಾನೇ ಇದ್ದೆ. ಬಿಳೀ ಫೋಟೋ ಕೊಟ್ಟು ಹೀಗೆ ಹೀಗೆ ಸಾರ್ ಎಂದು ಬಾಯಲ್ಲಿ ಹೇಳಿದ್ದರೆ ಕಳಿಸುತ್ತಿದ್ದರೇನೋ, ಎಂಟು ತಿಂಗಳಲ್ಲಿ ಎಷ್ಟು ಸಲ ಈ ಮಾತನ್ನು ಒಗೆದು ಹಿಂಡಿ ಒಣಗಿಸಿದ್ದೇನೆ, ಪಾತ್ರೆ ತೊಳೆಯುವಾಗ, ಅಕ್ಕಿ ಆರಿಸುವಾಗ, ಕೊಡ ಸೊಂಟದಲ್ಲಿಟ್ಟುಕೊಂಡು ದೊಡ್ಡ ರಸ್ತೆ ದಾಟಲು ಲಾರಿಗಳ ಸಂದು ಹುಡುಕುವಾಗ. ಬೀದಿಗೆ ಸುದ್ದಿ ನನಗಿಂತ ಮುಂಚೆ ಬಂದಿತ್ತು. ಮಾರಕ್ಕ ಬಯ್ಯಲಿಲ್ಲ, ಬಾಗಿಲಲ್ಲಿ ಸೊಪ್ಪು ಸೋಸುತ್ತ ತಲೆಯೆತ್ತದೆ, ನಮ್ ನಲವತ್ ಮನೆ ಹೆಬ್ಬೆಟ್ಗೂ ಅರಿಸ್ನ ಬಳುದ್ಬುಟ್ಯಲ್ಲವ್ವಾ ಅಂದಳು. ನಲ್ಲಿಯ ಸಾಲಿನಲ್ಲಿ ಹೊಸಬರು ನನ್ನನ್ನು ಅರಿಶಿನದಮ್ಮ ಅನ್ನುತ್ತಾರೆ, ಹೆಸರೇ ಅದು ಅಂದುಕೊಂಡಿದ್ದಾರೆ. ಇವರು ಮಾತ್ರ, ಬಿಡೇ, ಹೋಗಿದ್ದು ಹೋಯ್ತು, ಊರೆಲ್ಲಾ ಕುಡೀತಿಲ್ವಾ ಎಂದು ಮಗ್ಗುಲು ಬದಲಿಸಿದರು. ಊರೆಲ್ಲಾ ಕುಡಿಯುತ್ತಿದೆ. ನನ್ನ ಮಗಳಿಗೆ ಮಾತ್ರ ಕೊಡುವುದಿಲ್ಲ ಎಂದು ಆ ದಿನ ತೀರ್ಮಾನ ಮಾಡಿದೆ, ಬೀದಿಗೆ ಮಾಡಲಾಗದ್ದನ್ನು ಒಂದು ಕೊಡಕ್ಕೆ ಇಳಿಸಿದೆ, ತಾಮ್ರದ ಕೊಡ, ಅದರಿಂದ ಅವಳಿಗೆ, ಅವಳಿಗೆ ಉಳಿದರೆ ನಮಗೆ, ಆದರೂ ಅವಳ ಬಾಯಿಯ ಹುಣ್ಣು ಮಾಯುತ್ತಿಲ್ಲ, ಡಾಕ್ಟರು ಮುಲಾಮು ಬದಲಾಯಿಸಿದ್ದಾರೆ, ಈಗ ಕೆಂಪಗಿನದು.

ಈ ಕಿತ್ತಳೆ. ಉಗುರಿನಿಂದ ಕೆರೆದು ನೋಡಿದೆ, ಏಳಲಿಲ್ಲ, ಕಾಗದದೊಳಗೇ ಇಳಿದಿದೆ. ಕ್ಯಾಲೆಂಡರನ್ನು ಬಿಚ್ಚಿದ ಹಾಗೇ ಎರಡು ಕೈಯಲ್ಲಿ ಹಿಡಿದು ಎದುರುಮನೆಗೆ ಹೋದೆ, ಉಪೇಂದ್ರ ಸೆಕೆಂಡ್ ಶಿಫ್ಟು, ಗಡ್ಡ ಕೆರೆಯುತ್ತಿದ್ದವನು ಅರ್ಧ ಮುಖ ನೊರೆಯಲ್ಲಿ ಬಾಗಿಲಿಗೆ ಬಂದ, ನೋಡಿದ, ನೊರೆಯೊಳಗೇ ಕೆಂಪಾದ. ಅಕ್ಕಾ, ಹೇಳ್ಬೇಕು ಅಂತಾನೇ ಇದ್ದೆ. ಹೇಳಲಿಲ್ಲವಲ್ಲೋ. ಅಲ್ಲ ಅಕ್ಕಾ, ನಮ್ ಸೆಕ್ಷನ್ ಕೃಷ್ಣಸ್ವಾಮಿ ಅವ್ರ ಭಾವ ಜ್ಯೂಸ್ ಕಂಪ್ನಿ ಶುರು ಮಾಡಿದ್ರು, ಒಂದ್ ಒಳ್ಳೆ ಫೋಟೋ ಬೇಕು, ಲೋಟಕ್ಕೆ ಹಾಕ್ತಾ ಇರೋ ಹಾಗೆ, ಅಂದ್ರು, ಇತ್ತಲ್ಲಾ, ಕೊಟ್ಟೆ, ನಾನು ತೆಗೆದಿರೋದ್ರಲ್ಲೆಲ್ಲಾ ಒಳ್ಳೇದು ಅದು, ಟ್ರಂಕಲ್ಲಿ ಕೊಳೀಬೇಕಿತ್ತಾ ಹೇಳಿ, ದುಡ್ಡು ಗಿಡ್ಡು ಏನೂ ಇಸ್ಕೊಂಡಿಲ್ಲ, ನಮ್ಮಪ್ಪನಾಣೆ, ಎರಡು ಕ್ರೇಟ್ ಬಾಟ್ಲಿ ಕೊಟ್ರು ಅಷ್ಟೇ. ಆ ಬಾಟಲಿಗಳು — ದೀಪಾವಳಿಗೆ ಆರು ತಂದು ಕೊಟ್ಟಿದ್ದ, ಅಮ್ಮಣ್ಣಿಗೆ ಅಕ್ಕಾ, ಅಂದ, ಅವಳು ದಿನಕ್ಕೆ ಒಂದರಂತೆ ಚಪ್ಪರಿಸಿದಳು, ಕೊನೆಯ ಬಾಟಲಿಯನ್ನು ತೊಳೆದು ನೀರು ಹಾಕಿಕೊಂಡು ಮತ್ತೂ ಎರಡು ದಿನ ಕುಡಿದಳು, ನಾನು ಅವನಿಗೆ ಕೈಮುಗಿದು ಚಕ್ಕುಲಿ ಕೊಟ್ಟು ಕಳಿಸಿದ್ದೆ. ಬಣ್ಣ ಯಾರು ಹಾಕಿದ್ದೋ, ಅಂದೆ. ಅದಾ, ಶಿವಕಾಶೀಲಿ, ಅಲ್ಲಿ ಅದಕ್ಕೇ ಆರ್ಟಿಸ್ಟ್ ಇರ್ತಾರೆ, ಬ್ರಷ್ ತಗೊಂಡು ಹಾಕ್ತಾರೆ, ಎಲ್ಲಾ ಕ್ಯಾಲೆಂಡರೂ ಹಾಗೇನೇ. ನಿಜವಾದ ಜ್ಯೂಸನ್ನು ಪಕ್ಕದಲ್ಲಿಟ್ಟುಕೊಂಡು ಹಚ್ಚುತ್ತಾರೇನೋ? ಅವನಿಗೆ ಅರ್ಥವಾಗಲಿಲ್ಲ, ಅದ್ಯಾಕೆ ಇಟ್ಕೋತಾರೆ ಅಕ್ಕಾ, ಅಂದಾಜಲ್ಲಿ ಹಾಕ್ತಾರೆ, ಸ್ವಲ್ಪ ಜಾಸ್ತೀನೇ ಹಾಕ್ತಾರೆ, ಎದ್ದು ಕಾಣ್ಲಿ ಅಂತ. ಯಾರೂ ಉಜ್ಜಿ ನೋಡುವುದಿಲ್ಲವೇ? ಉಪೇಂದ್ರ ನಕ್ಕುಬಿಟ್ಟ, ಕ್ಯಾಲೆಂಡರ್ನ ಯಾರ್ ಉಜ್ತಾರೆ ಅಕ್ಕಾ. ಅವನ ಕೆನ್ನೆಯ ನೊರೆ ಒಣಗುತ್ತ ಬಂದಿತ್ತು, ಬಾವಿಯ ನೀರಿನಲ್ಲಿ ಎಬ್ಬಿಸಿದ ನೊರೆ ಹಾಗೇ, ಬೇಗ ಒಡೆಯುತ್ತದೆ, ಚರ್ಮ ಉರಿಯುತ್ತದೆ, ಅವನಿಗೆ ಹೇಳಬೇಕು ಅನ್ನಿಸಿತು, ಹೇಳದೆ ಬಂದೆ. ಕೆಟ್ಟವನಲ್ಲ. ಸಾಹೇಬರೂ ಕೆಟ್ಟವರಲ್ಲ, ಕೃಷ್ಣಪ್ಪನೂ ಅಲ್ಲ, ಜ್ಯೂಸಿನವರು ನನ್ನನ್ನು ಕಂಡೇ ಇಲ್ಲ, ಒಬ್ಬರಾದರೂ ಕೆಟ್ಟವರು ಸಿಕ್ಕಿದ್ದರೆ ಅವರ ಮನೆ ಬಾಗಿಲಿಗೆ ಹೋಗಿ ಮಣ್ಣು ತೂರಿ ಬರುತ್ತಿದ್ದೆ.

ಈ ಕ್ಯಾಲೆಂಡರನ್ನೇ ಮಡಿಸಿ ಸಾಹೇಬರ ಮುಂದೆ ಹಾಸಿದರೆ? ಸಾರ್, ಇದೂ ಅದೇ ಫೋಟೋ, ಇದೂ ಅದೇ ನೀರು, ಈಗ ಉಜ್ಜಿ, ಎಂದರೆ? ಉಜ್ಜುತ್ತಾರೆ, ಬರುವುದಿಲ್ಲ, ಹಾಗಾದರೆ ಇದು ನಿಜ ಅಂದ ಹಾಗಾಯಿತಲ್ಲ ಸಾರ್ — ಯಾವುದು ನಿಜ, ಕಿತ್ತಳೆ ರಸ ನಿಜ, ಹಿಂದಿನ ಮೇಜಿನವರು ಮತ್ತೆ ಏನೋ ಅನ್ನುತ್ತಾರೆ, ಅರಿಶಿನದಮ್ಮ ಈ ಸಲ ಜ್ಯೂಸ್ ತಂದವ್ರೆ ಸಾರ್. ಅಕ್ಕಿ ತೊಳೆಯಬೇಕು. ಅಕ್ಕಿಗೆ ಬಾವಿಯದೇ, ಅನ್ನ ಬೆಂದರೆ ಬಿಳಿಯಾಗಿಯೇ ಇರುತ್ತದೆ, ಅನ್ನವೂ ಆ ಫೋಟೋದ ಹಾಗೆ. ಪಾತ್ರೆ ಹಿಡಿದು ಹಿತ್ತಲಿಗೆ ಹೋದರೆ ಮಾರಕ್ಕ ಬಾವಿಯ ಹತ್ತಿರ, ಎಂಟು ತಿಂಗಳಲ್ಲಿ ಮೊದಲ ಸಲ ಮುಖ ಕೊಟ್ಟು ನಕ್ಕಳು, ಸತ್ಯಮ್ಮಾ, ನಮ್ ಮನೇಗೂ ಕೊಟ್ಟ ಕಣವ್ವಾ ಕೃಷ್ಣಪ್ಪ, ಕಂಡ್ ತಕ್ಷಣ ಇದು ಆವಮ್ಮನ ಕಿರುಬೆಳ್ಳು ಅಂದೆ, ಮುನಿಯಣ್ಣ ಇಲ್ಲ ಅಂತಾನೆ, ಆ ಕಂಬ್ಳಿ ನಿಂದಲ್ವೇನೋ ಮಂಕೇ ಅಂದೆ, ದೇವ್ರ ಪಕ್ಕದಾಗೇ ತಗಲಾಕಿವ್ನಿ, ಎಷ್ಟ್ ಚೆಂದಾಗಿ ಉಯ್ತಾ ಇದ್ದೀ ನೋಡು. ಕುಹಕವಿದೆಯೇನೋ ಎಂದು ಮುಖ ಹುಡುಕಿದೆ, ಇರಲಿಲ್ಲ, ಅವಳಿಗೆ ನಿಜವಾಗಿ ಹೆಮ್ಮೆ, ತನ್ನ ಮಾವನ ಬಾವಿ ಕ್ಯಾಲೆಂಡರಿಗೆ ಏರಿದೆ, ಆ ಬಾವಿಯನ್ನು ಬಯ್ದು 'ಸುಳ್ಳು' ಎಂದು ಬರೆಸಿಕೊಂಡು ಬಂದವಳಿಗೆ ಇವತ್ತು ಕ್ಷಮೆ ಸಿಕ್ಕಿದೆ. ನಲವತ್ತು ಮನೆಗೆ ಒಬ್ಬನೇ ಕೃಷ್ಣಪ್ಪ, ನಲವತ್ತು ಗೋಡೆಯ ಮೇಲೆ ನನ್ನ ಕೈ, ಡಿಸೆಂಬರ್ ಮೂವತ್ತೊಂದರ ತನಕ ಹುಯ್ಯುತ್ತಿರುತ್ತದೆ. ಸುಣ್ಣ ಬಳಿದ ಗೋಡೆಗಳು, ಮೊಳೆ ಹೊಡೆಯುವ ಸದ್ದು ಎಲ್ಲಿಂದಲೋ ಬರುತ್ತಲೇ ಇದೆ. ಅನ್ನ ಆಯಿತು, ಸಾರಾಯಿತು, ಕುದಿಸಿದರೆ ಹೋಗುತ್ತದೇನೋ ಎಂದು ಒಂದು ಚೊಂಬು ಬಾವಿಯ ನೀರನ್ನು ಮೂರು ಉಕ್ಕು ಕುದಿಸಿದೆ, ಇಳಿದು ಅರ್ಧವಾಯಿತು, ಗಾಜಿನ ಲೋಟಕ್ಕೆ ಸ್ವಲ್ಪ ಹುಯ್ದು ನೋಡಿದರೆ ಹಳದಿ ಅಷ್ಟೂ ಹಾಗೇ ಉಳಿದು ಇನ್ನೂ ಗಟ್ಟಿಯಾಯಿತು, ಆರಲೆಂದು ಕಿಟಕಿಯಲ್ಲಿಟ್ಟೆ. ನೀರು ಕೇಳಲು ಐದು ಮನೆಗೆ ಹೋಗಿ ಬಂದೆ, ಯಾರ ಹತ್ತಿರವೂ ನಲ್ಲಿಯದಿಲ್ಲ, ಕೃಷ್ಣಪ್ಪ ಊಟಕ್ಕೆಂದು ಅಂಗಡಿಗೆ ಹಲಗೆ ಹಾಕಿಕೊಂಡು ಹೋಗಿದ್ದಾನೆ, ಮೂರರ ತನಕ ಸೋಡ ಕೂಡ ಸಿಗುವುದಿಲ್ಲ.

ಚೀಲ ಎಸೆದ ಸದ್ದು, ಅಮ್ಮಾ ನೀರು. ಬಾಟಲಿ? ಬಾಟ್ಲೀದು ಪ್ರಾರ್ಥನೆ ಹೊತ್ತಿಗೇ ಚೆಲ್ಲೋಯ್ತಮ್ಮ, ಸ್ಕೂಲಲ್ಲೂ ಇಲ್ಲ ನೀರು, ಅಮ್ಮಾ ನೀರು, ಎನ್ನುತ್ತ ಬಂದವಳು ನೆಲದ ಮೇಲೆ ಕ್ಯಾಲೆಂಡರ್ ಕಂಡು ಕುಕ್ಕರಗಾಲಲ್ಲಿ ಕೂತಳು, ಒಡೆದ ತುಟಿ ನಾಲಿಗೆಯಿಂದ ಸವರಿಕೊಂಡಳು, ಅಯ್ ಇದು ನೀನು! ನಿನ್ ಬೆರಳು! ಯಾರ್ಗೆ ಹಾಕ್ಕೊಡ್ತಾ ಇದೀಯಾ ಅಮ್ಮಾ, ನಂಗಾ? ಸ್ವಲ್ಪ ಹೊತ್ತು ತಡಿ ಪುಟ್ಟಾ, ಮೂರು ಗಂಟೆಗೆ ಕೃಷ್ಣಪ್ಪನ ಅಂಗಡಿ ತೆಗೆಯುತ್ತೆ, ಅದೇ ಜ್ಯೂಸು ಕೊಡಿಸ್ತೀನಿ, ಎರಡು ಕೊಡಿಸ್ತೀನಿ. ಈಗ ಬೇಕು. ಮಜ್ಜಿಗೆ? ಬೇಡ, ಹುಣ್ಣು ಉರಿಯತ್ತೆ. ಅವಳು ಎದ್ದು ಕಿಟಕಿಯ ಹತ್ತಿರ ಹೋದಳು, ಚೊಂಬು ಇಣುಕಿ ನೋಡಿದಳು, ಇಲ್ಲೇ ಇದೆಯಲ್ಲಾ. ಅದು ಬೇಡ ಕಂದಾ, ಅದು ಬಾವೀದು. ಬಾವೀದಾದ್ರೆ ಏನಂತೆ, ಮಾರಕ್ಕಜ್ಜಿ ಮನೇಲಿ ದಿನಾ ಕುಡೀತೀನಲ್ಲಾ. ದಿನಾ? ಹೂಂ, ಸ್ಕೂಲಿಂದ ಬಂದು ಆಡೋಕೆ ಹೋಗ್ತೀನಲ್ಲ, ಆಗ, ಅಜ್ಜಿ ಬೆಲ್ಲ ಕೊಟ್ಟು ನೀರ್ ಕೊಡ್ತಾಳೆ, ನಿಮ್ಮಮ್ಮಂಗೆ ಹೇಳ್ಬೇಡ, ಬೈತಾಳೆ ಅಂತಾಳೆ, ಏನೂ ಆಗಲ್ಲಮ್ಮಾ, ಎಷ್ಟ್ ತಂಪಾಗಿರತ್ತೆ ಗೊತ್ತಾ. ದಿನಾ. ಎಂಟು ತಿಂಗಳು, ದಿನ ಬಿಟ್ಟು ದಿನ ಎರಡು ಕೊಡ, ಲಾರಿಗಳ ಮಧ್ಯೆ, ಬಲ ಸೊಂಟದ ಮೇಲೆ ಕೊಡದ ಅಂಚಿನ ಕಪ್ಪು ಗುರುತು, ದಿನಾ, ಬೆಲ್ಲ ಕೊಟ್ಟು, ಪ್ರೀತಿಯಿಂದ. ಅವಳು ಆಗಲೇ ಕಪಾಟಿನಿಂದ ಗಾಜಿನ ಲೋಟ ಎಳೆದು, ಸ್ಟೀಲು ಬೇಡ, ಪಟದಲ್ಲಿರೋದೇ ಬೇಕು, ಎಂದು ಎರಡು ಕೈಯಲ್ಲಿ ಹಿಡಿದು ನನ್ನ ಮುಂದೆ ನಿಂತಿದ್ದಾಳೆ, ಬೆರಳ ಸಂದಿನ ಬಿರುಕುಗಳೆಲ್ಲ ಗಾಜಿನಾಚೆ ದೊಡ್ಡದಾಗಿ ಕಾಣುತ್ತಿವೆ, ಹಾಕಮ್ಮಾ, ಮೇಲಿಂದ ಹಾಕು, ಚೊಂಬು ನನ್ನ ಕೈಯಲ್ಲಿದೆ, ಯಾವಾಗ ತೆಗೆದುಕೊಂಡೆ, ಬೆಚ್ಚಗಿದೆ, ಕಿಟಕಿಯ ಬಿಸಿಲು ಲೋಟದ ಬೆನ್ನಿಗಿದೆ, ಹಾಕಮ್ಮಾ, ಧಾರೆ ಇಳಿಯಿತು, ಬಿಸಿಲು ಹಾದು ಅವಳ ಕತ್ತಿನ ಮೇಲೆ, ಗಲ್ಲದ ಮೇಲೆ ಹಳದಿ ಬಿತ್ತು, ಅಯ್ ಅಮ್ಮಾ ನೋಡೇ, ಬಂತು ಬಣ್ಣ, ನಿಲ್ಲಿಸ್ಬೇಡ, ಇನ್ನೂ ಮೇಲಿಂದ, ಧಾರೆ, ಅವಳ ಗಲ್ಲದ ಮೇಲೆ ಹಳದಿ, ಇನ್ನೂ ಸ್ವಲ್ಪ ಅಮ್ಮಾ, ಧಾರೆ, ಗಲ್ಲದ ಮೇಲೆ ಅಲ್ಲಾಡುತ್ತಿರುವ ಹಳದಿ, ಇನ್ನೂ ಸ್ವಲ್ಪ, ಅವಳ ಗಲ್ಲದ ಮೇಲೆ, ಹಳದಿ